ಕ್ಯಾಮೆರಾ ಎಂಬ ಕೋಣೆ

ಜೋಯಿಡಾ ಕಡೆಯ ಕಾಡಂಚಿನ ಊರುಗಳಲ್ಲಿ ‘ಕ್ಯಾಮೆರಾ’ ಎಂದರೆ ಯಾವುದು ಎಂಬುದನ್ನು ಮಾತಿನ ಸಂದರ್ಭ ನೋಡಿಯೇ ತಿಳಿಯಬೇಕು. ಮದುವೆ ಮನೆಯಲ್ಲಾದರೆ ಹಳಿಯಾಳದಿಂದಲೋ ದಾಂಡೇಲಿಯಿಂದಲೋ ಬಂದ ಸ್ಟುಡಿಯೋದವರ ಹೆಗಲಲ್ಲಿ ತೂಗುವುದು. ಅಂಗಡಿಯ ಬಾಗಿಲಲ್ಲಿ ‘ಕ್ಯಾಮೆರಾ ಇದೆ’ ಎಂಬ ಚೀಟಿ ಕಂಡರೆ ಸಿಸಿಟಿವಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಾದರೆ ಮರಕ್ಕೆ ಪಟ್ಟಿ ಬಿಗಿದು ಕಟ್ಟಿದ, ಹುಲಿ ಹಾದರೆ ತಾನೇ ಚಿತ್ರ ತೆಗೆದುಕೊಳ್ಳುವ ಅರಣ್ಯ ಇಲಾಖೆಯ ಪೆಟ್ಟಿಗೆ. ಮೂರರದ್ದೂ ಕೆಲಸ ನೋಡುವುದು, ಕಂಡದ್ದನ್ನು ಹಿಡಿದಿಡುವುದು. ಪದದ ಬೇರಿನಲ್ಲಿ ಮಾತ್ರ ನೋಟವೂ ಇಲ್ಲ, ಚಿತ್ರವೂ ಇಲ್ಲ. ಕ್ಯಾಮೆರಾ ಎಂದರೆ ಕೋಣೆ. ಹಳಿಯಾಳದ ಮಾತಿನಲ್ಲಿ ಹೇಳುವುದಾದರೆ ಖೋಲಿ.

ಈ ಅರ್ಥ ಇನ್ನೂ ಸಾಯದೆ ಉಳಿದಿರುವ ಒಂದು ಉಪಕರಣವಿದೆ. ಮುಂದೊಂದು ಚೌಕಟ್ಟು, ಹಿಂದೊಂದು ಚೌಕಟ್ಟು, ನಡುವೆ ಮಡಿಕೆ ಮಡಿಕೆಯಾದ ತಿದಿ, ಹಿಂದೆ ನಿಂತವನ ತಲೆಯ ಮೇಲೆ ಕಪ್ಪು ಬಟ್ಟೆ. ಇದು ವ್ಯೂ ಕ್ಯಾಮೆರಾ. 4×5 ಇಂಚು ಅಥವಾ ಅದಕ್ಕೂ ದೊಡ್ಡ ಬಿಡಿ ಹಾಳೆಯ ಫಿಲ್ಮ್ ಬಳಸುವುದರಿಂದ ಲಾರ್ಜ್ ಫಾರ್ಮ್ಯಾಟ್ ಎಂಬ ಹೆಸರೂ ಉಂಟು. ಇದನ್ನು ಕಲಿಯಹೊರಟವರು ಕೈಪಿಡಿಗಳನ್ನು ಹುಡುಕುತ್ತಾರೆ. ಅದಕ್ಕೂ ಮೊದಲು ಪದದ ಚರಿತ್ರೆಯನ್ನು ಓದಿಕೊಂಡರೆ ಅರ್ಧ ಪಾಠ ಮುಗಿದಂತೆ ಎಂಬುದು ನನ್ನ ವಾದ.

ಗ್ರೀಕರ ‘ಕಮರಾ’ ಎಂದರೆ ಕಮಾನು ಛಾವಣಿಯ ಕೋಣೆ. ಲ್ಯಾಟಿನ್ನಿಗೆ ಬಂದು ಅದು ‘ಕ್ಯಾಮೆರಾ’ ಆಯಿತು. ಫ್ರೆಂಚರ ಬಾಯಲ್ಲಿ ‘ಶಾಂಬ್ರ್’ ಆಗಿ, ಇಂಗ್ಲಿಷಿಗೆ ದಾಟಿ ‘ಚೇಂಬರ್’ ಆಯಿತು. ತಹಸೀಲ್ದಾರರ ಚೇಂಬರ್, ಒಳಚರಂಡಿಯ ಚೇಂಬರ್, ಬೆಂಗಳೂರಿನ ಫಿಲ್ಮ್ ಚೇಂಬರ್ ಎಲ್ಲವೂ ಈ ಮನೆತನದವೇ. ಸಿನಿಮಾದವರ ಚೇಂಬರಿಗೂ ಅವರ ಕ್ಯಾಮೆರಾಕ್ಕೂ ಹೊಟ್ಟೆಪಾಡಿನ ನಂಟು ಮಾತ್ರವಲ್ಲ, ರಕ್ತಸಂಬಂಧವೂ ಇದೆ. ಸ್ಪ್ಯಾನಿಷ್‌ನಲ್ಲಿ ಒಂದೇ ಕೋಣೆಯಲ್ಲಿ ಮಲಗೇಳುವ ಸಿಪಾಯಿಗಳು ‘ಕಮರಾದ’ ಎನಿಸಿಕೊಂಡರು. ದಾಂಡೇಲಿಯಂಥ ಕಾರ್ಖಾನೆ ಊರಿಗೆ ಚಿರಪರಿಚಿತವಾದ ‘ಕಾಮ್ರೇಡ್’ ಹುಟ್ಟಿದ್ದು ಅಲ್ಲಿಂದ. ನಮ್ಮಲ್ಲಿರುವಂತೆ ವಿಧಾನಸಭೆ, ವಿಧಾನ ಪರಿಷತ್ತು ಎಂಬ ಎರಡು ಮನೆಗಳ ಶಾಸಕಾಂಗವನ್ನು ಇಂಗ್ಲಿಷರು ‘ಬೈಕ್ಯಾಮೆರಲ್’ ಎನ್ನುವುದೂ ಇದೇ ಪದದಿಂದ. ನ್ಯಾಯಾಲಯದ ಸುದ್ದಿಯಲ್ಲಿ ‘ಇನ್ ಕ್ಯಾಮೆರಾ ವಿಚಾರಣೆ’ ಎಂದು ಓದಿ, ಎಲ್ಲವನ್ನೂ ವಿಡಿಯೋ ಮಾಡುತ್ತಾರೆಂದು ತಿಳಿಯುವವರಿದ್ದಾರೆ. ಅರ್ಥ ಅದಕ್ಕೆ ತೀರಾ ತದ್ವಿರುದ್ಧ. ಹೊರಗಿನವರನ್ನು ಕಳಿಸಿ, ಬಾಗಿಲು ಹಾಕಿಕೊಂಡು, ಕೋಣೆಯೊಳಗೆ ನಡೆಸುವ ವಿಚಾರಣೆ ಅದು. ಅತ್ಯಾಚಾರ ಪ್ರಕರಣಗಳಿಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 327ನೇ ಕಲಮು ಹೇಳಿದ್ದು ಇದನ್ನೇ. ಛಾಯಾಗ್ರಾಹಕರಿಗೆ ಅಲ್ಲಿ ಪ್ರವೇಶವೇ ಇಲ್ಲ.

ಇನ್ನೊಂದು ಕವಲು ನಮ್ಮ ಪಶ್ಚಿಮದ ಗಡಿಯಿಂದ ಬಂತು. ಪೋರ್ಚುಗೀಸರಿಗೆ ಕೋಣೆ ‘ಕಾಮರ’. ಗೋವಾದಲ್ಲಿ ಅವರ ಕಾಲದ ಪುರಸಭೆಯೂ ‘ಕಾಮರ ಮುನಿಸಿಪಾಲ್’. ಹಿಂದಿ, ಉರ್ದುಗಳ ‘ಕಮ್ರಾ’ ಈ ಪೋರ್ಚುಗೀಸ್ ಪದದ ಮಗು. ಮೇಜು, ಚಾವಿ, ಬಟಾಟೆ, ಪಗಾರ, ಪಾದ್ರಿ ಬಂದ ಹಡಗಿನಲ್ಲೇ ಅದೂ ಬಂದಿಳಿಯಿತು. ಆ ಹಡಗುಗಳು ತಂದಿದ್ದು ಪದಗಳನ್ನು ಮಾತ್ರವಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡುಗಳಲ್ಲಿ ನೆಲೆನಿಂತ ಸಿದ್ದಿಗಳ ಪೂರ್ವಜರಲ್ಲಿ ಹಲವರು ಹಾಗೆ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದವರು. ಹಳಿಯಾಳದ ಸಂತೆಯಲ್ಲಿ ಇವತ್ತು ಒಬ್ಬರು ಉರ್ದುವಿನಲ್ಲಿ ‘ಕಮ್ರಾ’ ಎಂದು, ಪಕ್ಕದಲ್ಲೇ ನಿಂತವರು ಕನ್ನಡದಲ್ಲಿ ‘ಕ್ಯಾಮೆರಾ’ ಎಂದು ಹೇಳಿದರೆ ಇಬ್ಬರ ನಾಲಿಗೆಯ ಮೇಲೂ ಆಡುತ್ತಿರುವುದು ಒಂದೇ ಶಬ್ದ. ಒಂದು ಲಿಸ್ಬನ್ ಮೇಲಿಂದ ಬಂದದ್ದು, ಇನ್ನೊಂದು ಲಂಡನ್ ಮೇಲಿಂದ.

ಬಂದ ಪದಕ್ಕೆ ಬದಲಾಗಿ ಇಲ್ಲಿಂದ ಹೋದದ್ದೂ ಉಂಟು. ಮಲಯಾಳದ ‘ತೇಕ್ಕ್’, ನಮ್ಮ ‘ತೇಗ’ ಪೋರ್ಚುಗೀಸರಲ್ಲಿ ‘ತೆಕ’ ಆಗಿ, ಇಂಗ್ಲಿಷಿನಲ್ಲಿ ‘ಟೀಕ್’ ಆಯಿತು. ದಾಂಡೇಲಿಯ ಕಾಡಿನಲ್ಲಿ ಬೆಳೆದು ಅಲ್ಲಿನ ಟಿಂಬರ್ ಡಿಪೋದಲ್ಲಿ ಹರಾಜಿಗೆ ಬೀಳುವ ಮರದ ಹೆಸರು ಹೀಗೆ ಜಗತ್ತೆಲ್ಲ ತಿರುಗಿತು. ಹೋದ ಪದವೂ ಬಂದ ಪದವೂ ಕೊನೆಗೆ ಒಂದೇ ವಸ್ತುವಿನಲ್ಲಿ ಸೇರಿದ್ದು ಸೋಜಿಗ. ಬಿಸಿಲು, ಮಳೆ, ಗೆದ್ದಲಿನ ನಾಡುಗಳಿಗೆಂದು ಇಂಗ್ಲೆಂಡಿನ ತಯಾರಕರು ‘ಟ್ರಾಪಿಕಲ್’ ಎಂಬ ಹೆಸರಿನ ಕ್ಯಾಮೆರಾಗಳನ್ನು ಮಾಡಿದರು. ಅವುಗಳ ಮೈ ತೇಗದ್ದು, ಮೂಲೆಗಳಿಗೆ ಹಿತ್ತಾಳೆಯ ಕಟ್ಟು.

ಇನ್ನು, ಕೋಣೆಗೂ ಚಿತ್ರಕ್ಕೂ ಗಂಟು ಬಿದ್ದದ್ದು ಹೇಗೆ? ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಚು ಸರಿದ ಕಿಂಡಿ ಯಾವ ಆಕಾರದ್ದೇ ಇರಲಿ, ನೆಲದ ಮೇಲೆ ಬೀಳುವ ಬಿಸಿಲಿನ ಬೊಟ್ಟು ಮಾತ್ರ ದುಂಡಗೇ ಇರುತ್ತದೆ. ಅದು ಕಿಂಡಿಯ ನೆರಳಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಉತ್ತರ ಕನ್ನಡದಲ್ಲಿ ಮರದಡಿಯ ಬಿಸಿಲಿನ ಬೊಟ್ಟುಗಳೆಲ್ಲ ಕುಡುಗೋಲಿನಂತೆ ಬಾಗಿದ್ದು ಇದೇ ಕಾರಣಕ್ಕೆ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯೊಂದರ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುವುದನ್ನು ಪ್ರವಾಸಿಗಳು ಇವತ್ತಿಗೂ ನೋಡಿ ಬೆರಗಾಗುತ್ತಾರೆ. ಬೆಳಕು ನೆಟ್ಟಗೆ ಚಲಿಸುತ್ತದೆ. ಗೋಪುರದ ತುದಿಯಿಂದ ಬಂದ ಕಿರಣ ಸಣ್ಣ ಕಿಂಡಿಯಲ್ಲಿ ನುಸುಳಿ ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲ್ಭಾಗಕ್ಕೆ. ಲೆಕ್ಕ ಇಷ್ಟೇ.

ಸಾವಿರ ವರ್ಷಗಳ ಹಿಂದೆ ಅರಬ್ ವಿಜ್ಞಾನಿ ಇಬ್ನ್ ಅಲ್ ಹೈತಮ್ ಗ್ರಹಣದ ಸೂರ್ಯನನ್ನು ಹೀಗೆ ಕಿಂಡಿಯ ಮೂಲಕ ನೋಡಿ ಶಾಸ್ತ್ರೀಯವಾಗಿ ವಿವರಿಸಿದ. ಅದನ್ನೇ ಹಿಡಿದುಕೊಂಡು ‘ಕ್ಯಾಮೆರಾ’ ಅರಬ್ಬಿಯ ‘ಕಮರಾ’ದಿಂದ ಹುಟ್ಟಿತು ಎಂಬ ವಾಟ್ಸಾಪ್ ವ್ಯುತ್ಪತ್ತಿಯೊಂದು ಓಡಾಡುತ್ತಿದೆ. ಅದು ನಿಲ್ಲುವುದಿಲ್ಲ. ಆತ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಲ್ಯಾಟಿನ್ನಿನಲ್ಲಿ ಈ ಪದವಿತ್ತು. ಆತನ ಹಿರಿಮೆ ಶಬ್ದದಲ್ಲಿಲ್ಲ, ಶಾಸ್ತ್ರದಲ್ಲಿದೆ. ‘ಕ್ಯಾಮೆರಾ ಅಬ್‌ಸ್ಕ್ಯೂರಾ’, ಅಂದರೆ ಕತ್ತಲೆ ಕೋಣೆ, ಎಂಬ ಜೋಡುಪದವನ್ನು 1604ರಲ್ಲಿ ಬಳಕೆಗೆ ತಂದವನು ಖಗೋಳವಿಜ್ಞಾನಿ ಕೆಪ್ಲರ್. 1620ರಲ್ಲಿ ಆತನನ್ನು ಲಿಂಟ್ಸ್ ಪಟ್ಟಣದಲ್ಲಿ ಕಂಡ ಇಂಗ್ಲಿಷ್ ರಾಯಭಾರಿ ಹೆನ್ರಿ ವಾಟನ್, ಕೆಪ್ಲರನ ಹತ್ತಿರ ಒಂದು ಕರಿಯ ಡೇರೆಯಿದೆ, ಅದನ್ನು ಬಯಲಲ್ಲಿ ಹೂಡಿ ಒಳಗೆ ಕೂತು, ಲೆನ್ಸಿನಿಂದ ಕಾಗದದ ಮೇಲೆ ಬಿದ್ದ ನೋಟವನ್ನು ಗೆರೆ ಎಳೆದು ಬರೆದುಕೊಳ್ಳುತ್ತಾನೆ ಎಂದು ಫ್ರಾನ್ಸಿಸ್ ಬೇಕನ್‌ಗೆ ಪತ್ರ ಬರೆದ. ಕೋಣೆ ಡೇರೆಯಾಯಿತು, ಡೇರೆ ಪೆಟ್ಟಿಗೆಯಾಯಿತು. ವ್ಯೂ ಕ್ಯಾಮೆರಾದ ಕಪ್ಪು ಬಟ್ಟೆ ಆ ಡೇರೆಯ ಕೊನೆಯ ತುಂಡು. 1839ರಲ್ಲಿ ಫ್ರಾನ್ಸಿನ ದಾಗೆರ್ ಚಿತ್ರವನ್ನು ಹಿಡಿದಿಡುವ ತನ್ನ ವಿಧಾನವನ್ನು ಪ್ರಕಟಿಸಿದ ಮೇಲೆ, ಪೆಟ್ಟಿಗೆ ಮನೆಮಾತಾದಂತೆ ‘ಅಬ್‌ಸ್ಕ್ಯೂರಾ’ ಕಳಚಿಬಿತ್ತು. ಕತ್ತಲೆ ಹೋಗಿ ಬರೀ ಕೋಣೆ ಉಳಿಯಿತು. ಮುಂದೆ ಕೋಣೆಯ ಅರ್ಥವೂ ಹೋಗಿ ಬರೀ ಶಬ್ದ ಉಳಿಯಿತು.

ನಮ್ಮ ಸೀಮೆಗೆ ಈ ಪೆಟ್ಟಿಗೆ ಬೇಗನೇ ಬಂತು. 1855ರಲ್ಲಿ ಮುಂಬಯಿ ಸರ್ಕಾರ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ದಕ್ಷಿಣ ಮರಾಠಾ ಸೀಮೆಯ ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ಕಳಿಸಿತು. ಆತನ ನಂತರ ಪಿಗೌ ಎಂಬ ವೈದ್ಯ, ನೀಲ್ ಎಂಬ ಇನ್ನೊಬ್ಬ ಅಧಿಕಾರಿ ಕೆಲಸ ಮುಂದುವರಿಸಿದರು. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲಿನ ಅವರ ಚಿತ್ರಸಂಪುಟ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಎಲ್ಲವೂ ದೊಡ್ಡ ಪೆಟ್ಟಿಗೆ, ದೊಡ್ಡ ನೆಗೆಟಿವ್‌ಗಳ ಕೆಲಸ. ಚಿತ್ರವನ್ನು ಹಿಗ್ಗಿಸುವ ಸೌಕರ್ಯವಿಲ್ಲದ ಕಾಲದಲ್ಲಿ ನೆಗೆಟಿವ್ ಎಷ್ಟೋ ಚಿತ್ರವೂ ಅಷ್ಟೇ. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ‘ವಾಗೀಶ್ವರಿ’ ಎಂಬ ಮರದ ಕ್ಯಾಮೆರಾ ಹುಟ್ಟಿ ದೇಶದ ಸ್ಟುಡಿಯೋಗಳಿಗೆ ಹೋಯಿತು. ಅದನ್ನು ಮಾಡಿದ ಕೆ. ಕರುಣಾಕರನ್ ಅವರ ತಂದೆ ಸಂಗೀತ ವಾದ್ಯಗಳನ್ನು ರಿಪೇರಿ ಮಾಡುವವರು. ಊರಿನ ಸ್ಟುಡಿಯೋದವರೊಬ್ಬರು ಕೆಟ್ಟ ತಿದಿಯನ್ನು ದುರಸ್ತಿಗೆ ತಂದದ್ದರಿಂದ ಕ್ಯಾಮೆರಾದ ಸಹವಾಸ ಶುರುವಾಯಿತು. ವಾದ್ಯ ಬಿಚ್ಚಿ ಬಲ್ಲ ಕೈಗೆ ತಿದಿಯ ಕೆಲಸ ಹೊಸದೇನಲ್ಲ. ಹಾರ್ಮೋನಿಯಂನ ತಿದಿ ಗಾಳಿಯನ್ನು ಸೋರಗೊಡಬಾರದು, ಕ್ಯಾಮೆರಾದ್ದು ಬೆಳಕನ್ನು ಸೋರಗೊಡಬಾರದು.

ಹೊಸಬರು ಕಲಿಯಬೇಕಾದ ಮೊದಲ ಸಂಗತಿಯೂ ಇದೇ. ವ್ಯೂ ಕ್ಯಾಮೆರಾ ಎಂದರೆ ಗೋಡೆಗಳು ಜರುಗುವ ಕೋಣೆ. ಲೆನ್ಸು ಅದರ ಕಿಟಕಿ, ಹಿಂದಿನ ಉಜ್ಜುಗಾಜು ಎದುರುಗೋಡೆ, ತಿದಿ ಪಕ್ಕದ ಗೋಡೆಗಳು. ಹಳೆಯ ಕ್ಯಾಮೆರಾ ಕೊಳ್ಳುವಾಗ ರಾತ್ರಿ ದೀಪ ಆರಿಸಿ ತಿದಿಯೊಳಗೆ ಸಣ್ಣ ಟಾರ್ಚ್ ಬೆಳಗಿಸಿಟ್ಟು ಹೊರಗಿನಿಂದ ಮಡಿಕೆಗಳನ್ನು ನೋಡಬೇಕು. ಮೂಲೆಗಳಲ್ಲಿ ಚುಕ್ಕೆ ಮಿನುಗಿದರೆ ಅಷ್ಟು ಕಡೆ ಕೋಣೆ ಸೋರುತ್ತಿದೆ ಎಂದರ್ಥ. ಕಪ್ಪು ಬಟ್ಟೆಯ ತೇಪೆಯಿಂದ ಸರಿಹೋದರೆ ಸರಿ, ಇಲ್ಲದಿದ್ದರೆ ಹೊಸ ತಿದಿಯ ಖರ್ಚನ್ನು ಬೆಲೆಯಲ್ಲಿ ಹಿಡಿದುಕೊಳ್ಳಬೇಕು. ಜೋಯಿಡಾದ ಮಳೆಗಾಲದಲ್ಲಿ ಚರ್ಮದ ತಿದಿಗೂ ಲೆನ್ಸಿಗೂ ಬೂಸ್ಟು ಹಿಡಿಯುವುದು ಖಂಡಿತ. ಬಳಸದ ದಿನ ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದೇ ಉಪಾಯ.

4×5 ಇಂಚಿನ ಕ್ಯಾಮೆರಾ, 150 ಮಿಲಿಮೀಟರಿನ ಒಂದು ಲೆನ್ಸು, ಗಟ್ಟಿ ಟ್ರೈಪಾಡ್, ಎರಡು ಮೂರು ಫಿಲ್ಮ್ ಹೋಲ್ಡರ್, ಒಂದು ಭೂತಗನ್ನಡಿ, ಕಪ್ಪು ಬಟ್ಟೆ. ಶುರುವಾತಿಗೆ ಇಷ್ಟು ಸಾಕು. ಇವನ್ನು ಹೊತ್ತು ಗುಂದದ ದಾರಿಯಲ್ಲಿ ಸಿಂಥೇರಿ ಬಂಡೆಯ ಬುಡಕ್ಕೆ ಹೋದೆವೆನ್ನಿ. ಕಾನೇರಿ ಹೊಳೆಯ ದಡದಲ್ಲಿ ಸುಮಾರು 300 ಅಡಿ ಎದ್ದುನಿಂತ ಒಂಟಿ ಬಂಡೆ. ಬಟ್ಟೆ ಹೊದ್ದು ಉಜ್ಜುಗಾಜಿಗೆ ಕಣ್ಣು ಕೊಟ್ಟರೆ ಮೊದಲ ಕೆಲವು ಕ್ಷಣ ಏನೂ ಕಾಣದು. ಕಣ್ಣು ಕತ್ತಲೆಗೆ ಒಗ್ಗಿದಂತೆ ಹೊಳೆ ಗಾಜಿನ ಮೇಲಂಚಿನಲ್ಲಿ ಹರಿಯುತ್ತದೆ, ಬಂಡೆ ಕೆಳಕ್ಕೆ ಇಳಿಬಿದ್ದಿರುತ್ತದೆ, ಬಂಡೆಗೆ ಜೋತುಬಿದ್ದ ಹೆಜ್ಜೇನಿನ ಹುಟ್ಟುಗಳು ಮೇಲ್ಮುಖವಾಗಿ ನಿಂತಿರುತ್ತವೆ. ಎಡಬಲವೂ ಅದಲುಬದಲು. ಹಂಪೆಯ ಗೋಡೆಯ ಮೇಲೆ ಮೂಡುವುದೂ ಇದೇ. ಇಲ್ಲಿ ಗೋಡೆ ಗಾಜಿನದು, ಅದರ ಹೊರಮೈಗೆ ನಮ್ಮ ಮೂಗು ತಾಗುತ್ತಿರುತ್ತದೆ. ಹೊಸಬರಿಗೆ ಮುಜುಗರವಾಗುವುದು ಸಹಜ. ಆದರೆ ಬಂಡೆ ಬಂಡೆಯಾಗಿ, ನೀರು ನೀರಾಗಿ ಕಾಣದೆ ಬೆಳಕು ನೆರಳಿನ ತೂಕವಾಗಿ ಕಾಣತೊಡಗುವುದು ಈ ಬುಡಮೇಲಿನಿಂದಲೇ. ಚಿತ್ರದ ಚೌಕಟ್ಟು ಸಮತೂಕದಲ್ಲಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಬಂಡೆಯ ನೆತ್ತಿ ಗಾಜಿನೊಳಗೆ ಬರಲಿಲ್ಲವೆಂದು ಇಡೀ ಕ್ಯಾಮೆರಾವನ್ನು ಮೇಲ್ಮುಖವಾಗಿ ವಾಲಿಸಿದರೆ ಪಕ್ಕದ ಮರಗಳೆಲ್ಲ ಒಳಕ್ಕೆ ವಾಲುತ್ತವೆ. ಹಿಂಗೋಡೆ ಓರೆಯಾಯಿತಲ್ಲ! ಅದನ್ನು ನೆಟ್ಟಗೇ ಬಿಟ್ಟು ಮುಂದಿನ ಕಿಟಕಿಯನ್ನಷ್ಟೇ ಮೇಲಕ್ಕೆ ಸರಿಸಬೇಕು. ನೆತ್ತಿ ಒಳಗೆ ಬರುತ್ತದೆ, ಮರ ನೆಟ್ಟಗೆ ನಿಲ್ಲುತ್ತದೆ. ಇದಕ್ಕೆ ‘ರೈಸ್’ ಎನ್ನುತ್ತಾರೆ. ದಾಂಡೇಲಿಯ ತೇಗದ ಮರಗಳ ಚಿತ್ರಕ್ಕೆ ಇದೊಂದೇ ವಿದ್ಯೆ ಸಾಕು.

ಎರಡನೆಯ ವಿದ್ಯೆಗೆ ಮುಂಡಗೋಡಕ್ಕೆ ಹೋಗಬೇಕು. 1966ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳ ಪ್ರಾರ್ಥನಾ ಮಂದಿರಗಳಿವೆ. ಅನುಮತಿ ಪಡೆದು, ಸಭೆಯಿಲ್ಲದ ಹೊತ್ತಿನಲ್ಲಿ ಬಾಗಿಲ ಬಳಿ ಕ್ಯಾಮೆರಾ ಹೂಡಿದರೆ ಕಾಲಬುಡದಿಂದ ಪೀಠದವರೆಗೆ ಭಿಕ್ಷುಗಳ ಆಸನಗಳ ಸಾಲು. ಹತ್ತಿರದ್ದಕ್ಕೆ ಫೋಕಸ್ ಮಾಡಿದರೆ ದೂರದ್ದು ಮಸುಕು, ದೂರದ್ದಕ್ಕೆ ಮಾಡಿದರೆ ಹತ್ತಿರದ್ದು. ಲೆನ್ಸಿನ ಚೌಕಟ್ಟನ್ನು ಕೊಂಚ ಮುಂದಕ್ಕೆ ಬಾಗಿಸಿದರೆ ನೆಲವೆಲ್ಲ ಒಟ್ಟಿಗೆ ಸ್ಪಷ್ಟವಾಗುತ್ತದೆ. ಲೆನ್ಸಿನ ತಳ, ಫಿಲ್ಮಿನ ತಳ, ನೋಡುವ ವಸ್ತುವಿನ ತಳ, ಈ ಮೂರನ್ನೂ ಮನಸ್ಸಿನಲ್ಲೇ ಚಾಚಿದರೆ ಒಂದೇ ಗೆರೆಯಲ್ಲಿ ಕೂಡಬೇಕು ಎಂಬುದು ಇದರ ಹಿಂದಿನ ಸೂತ್ರ. ಆಸ್ಟ್ರಿಯಾದ ಸೇನಾಧಿಕಾರಿ ಶೈಮ್‌ಫ್ಲೂಗ್ 1904ರಲ್ಲಿ ಇದನ್ನು ಪೇಟೆಂಟ್ ಮಾಡಿಸಿದ. ಅವನ ತಲೆಯಲ್ಲಿದ್ದದ್ದು ಆಕಾಶದಿಂದ ತೆಗೆದ ಚಿತ್ರಗಳ ಓರೆ ತಿದ್ದುವ ಚಿಂತೆ. ನೆಲ ಸ್ಪಷ್ಟವಾದಾಗ ಕಂಬಗಳ ತುದಿ ಮಸುಕಾಗುವುದರಿಂದ ಅಪರ್ಚರನ್ನು ಎಫ್ 22ಕ್ಕೋ 32ಕ್ಕೋ ಕಿರಿದು ಮಾಡಲೇಬೇಕು. ಆಗ ಎಕ್ಸ್‌ಪೋಷರ್ ಸೆಕೆಂಡುಗಳ ಲೆಕ್ಕಕ್ಕೆ ಹೋಗುತ್ತದೆ. ಬೆಳಕು ಅಷ್ಟು ಮಂದವಾದಾಗ ಫಿಲ್ಮೂ ಮಂದವಾಗುತ್ತದೆ. ಇಲ್ಫೋರ್ಡ್ ಎಫ್‌ಪಿ4 ಫಿಲ್ಮಿಗೆ ಮೀಟರು 10 ಸೆಕೆಂಡ್ ಎಂದರೆ ಕೊಡಬೇಕಾದದ್ದು ಸುಮಾರು 18. ತಿದಿಯನ್ನು ಹಿಗ್ಗಿಸಿದಾಗಲೂ ಹೀಗೆಯೇ: 150 ಮಿಲಿಮೀಟರಿನ ಲೆನ್ಸನ್ನು ಗಾಜಿನಿಂದ 300 ಮಿಲಿಮೀಟರ್ ದೂರ ಎಳೆದರೆ ಕೋಣೆ ಎರಡರಷ್ಟು ಆಳವಾಗುತ್ತದೆ, ಹಿಂಗೋಡೆಗೆ ತಲುಪುವ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಸಮಯ ನಾಲ್ಕು ಪಟ್ಟು ಬೇಕಾಗುತ್ತದೆ.

ಕ್ರಮವೂ ಕೋಣೆಯ ಕ್ರಮವೇ. ನೋಡುವಾಗ ಕಿಟಕಿ ತೆರೆದಿರುತ್ತದೆ. ಫೋಕಸ್ ಮುಗಿದ ಮೇಲೆ ಶಟರ್ ಮುಚ್ಚಿ, ಆಮೇಲೆ ಹೋಲ್ಡರ್ ತೂರಿಸಿ, ಆಮೇಲೆ ಫಿಲ್ಮನ್ನು ಮುಚ್ಚಿರುವ ಡಾರ್ಕ್ ಸ್ಲೈಡ್ ಎಳೆಯಬೇಕು. ಶಟರ್ ಮುಚ್ಚದೆ ಸ್ಲೈಡ್ ಎಳೆದರೆ ಹಗಲು ನೇರ ಫಿಲ್ಮಿನ ಮೇಲೆ ಬಂದು ಕೂರುತ್ತದೆ. ತೆಗೆದಾದ ಮೇಲೆ ಸ್ಲೈಡಿನ ಕಪ್ಪು ಅಂಚು ಹೊರಮುಖವಾಗಿರಬೇಕು. ಬಿಳಿ ಅಂಚು ಎಂದರೆ ಫಿಲ್ಮ್ ಹೊಸದು, ಕಪ್ಪು ಎಂದರೆ ಆಗಿಹೋಗಿದೆ. ಫಿಲ್ಮ್ ತುಂಬುವುದು ಪೂರ್ತಿ ಕತ್ತಲೆಯಲ್ಲಿ, ಬೆರಳಿನ ಕಣ್ಣಿನಿಂದ. ಹಾಳೆಯ ಅಂಚಿನಲ್ಲಿರುವ ಸಣ್ಣ ಕಚ್ಚುಗಳು ಬಲಗಡೆ ಮೇಲಿನ ಮೂಲೆಗೆ ಬಂದರೆ ರಾಸಾಯನಿಕದ ಮೈ ನಮ್ಮತ್ತ ಇದೆ ಎಂದು ಖಾತ್ರಿ. ಹಾಳಾದ ಒಂದು ಹಾಳೆಯನ್ನಿಟ್ಟುಕೊಂಡು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿಕೊಂಡು ಇದನ್ನು ರೂಢಿ ಮಾಡಿಕೊಂಡರೆ ದುಬಾರಿ ಫಿಲ್ಮ್ ಉಳಿಯುತ್ತದೆ. ಇನ್ನೂ ಅಗ್ಗದ ದಾರಿ ಆಸ್ಪತ್ರೆಗಳ ಎಕ್ಸ್‌ರೇ ಫಿಲ್ಮ್. ಕೆಂಪು ಬೆಳಕಿನಲ್ಲೇ ಕತ್ತರಿಸಿ ತೊಳೆಯಬಹುದು. ಅದಕ್ಕೆ ಕೆಂಪು ಕಾಣುವುದಿಲ್ಲ. ಎರಡೂ ಮೈಗೆ ರಾಸಾಯನಿಕ ಇರುವುದರಿಂದ ಬಲುಬೇಗ ಗೀರು ಬೀಳುತ್ತದೆ. ಮುಂಡಗೋಡದ ಕೆಮ್ಮಣ್ಣು, ಭಿಕ್ಷುಗಳ ಕೆನ್ನೀಲಿಗೆಂಪು ಉಡುಗೆ ಎರಡೂ ಈ ಫಿಲ್ಮಿನಲ್ಲಿ ಕಪ್ಪಾಗುತ್ತವೆ.

ಚಿತ್ರಕ್ಕೂ ಅದನ್ನು ತೆಗೆಯುವ ಕ್ರಿಯೆಗೂ ನಮ್ಮ ಸೀಮೆಯಲ್ಲಿ ಇರುವ ಹೆಸರುಗಳನ್ನು ಪಕ್ಕಪಕ್ಕ ಇಟ್ಟರೆ ಮೋಜೆನಿಸುತ್ತದೆ. ಪೆಟ್ಟಿಗೆಗೆ ಕನ್ನಡದ ಹೆಸರು ನೆಲೆನಿಲ್ಲಲಿಲ್ಲ, ಚಿತ್ರಕ್ಕೆ ಮಾತ್ರ ‘ಛಾಯಾಚಿತ್ರ’ ನಿಂತಿತು. ಸಂಸ್ಕೃತದ ಛಾಯಾ, ಫಾರ್ಸಿಯ ಸಾಯಾ, ಗ್ರೀಕರ ಸ್ಕಿಯಾ ಒಂದೇ ಬೇರಿನ ನೆರಳುಗಳು. ಇಂಗ್ಲೆಂಡಿನ ಟಾಲ್ಬಟ್ ಕೂಡ 1839ರಲ್ಲಿ ತನ್ನ ವಿಧಾನವನ್ನು ನೆರಳನ್ನು ನಿಲ್ಲಿಸುವ ಕಲೆ ಎಂದೇ ವರ್ಣಿಸಿದ್ದ. ಟಿಬೆಟನ್ನರು ಚಿತ್ರವನ್ನು ‘ಪರ್’ ಎನ್ನುತ್ತಾರೆ. ಮರದ ಅಚ್ಚಿನಿಂದ ಗ್ರಂಥ ಮುದ್ರಿಸುವ ಕೆಲಸದ ಹಳೆಯ ಪದವದು. ಕ್ಯಾಮೆರಾ ಅವರಿಗೆ ‘ಪರ್‌ಛೆ’, ಅಚ್ಚಿನ ಸಾಧನ. ಲ್ಯಾಟಿನ್ ಜಾಗದಿಂದ ಹೆಸರಿಟ್ಟಿತು, ಕನ್ನಡ ನೆರಳಿನಿಂದ, ಟಿಬೆಟನ್ ಒತ್ತಿದ ಗುರುತಿನಿಂದ. ಕ್ರಿಯಾಪದಗಳಲ್ಲಿ ಉರ್ದುವಿನವರು ಫೋಟೋ ‘ಖೀಂಚ್’ ಮಾಡುತ್ತಾರೆ, ಎಂದರೆ ಎಳೆಯುತ್ತಾರೆ. ಮರಾಠಿಯವರದು ‘ಕಾಢ’, ಕನ್ನಡದವರದು ‘ತೆಗಿ’. ಈ ಕಡೆಯ ಕನ್ನಡದಲ್ಲಿ ಚಿತ್ರ ತೆಗೆಯುವುದೆಂದರೆ ಕೈಯಿಂದ ಬಿಡಿಸುವುದೂ ಹೌದು. ‘ಫೋಟೋ ಹೊಡಿ’ ಎನ್ನುವವರೂ ಇದ್ದಾರೆ. ಟಿಬೆಟನ್ನರ ‘ಪರ್ ಗ್ಯಾಪ್’ನಲ್ಲಿಯೂ ಹೊಡೆಯುವ ಕ್ರಿಯೆಯೇ ಇದೆ.

ಮೊಬೈಲಿನಲ್ಲಿ ನಾವು ಮಾಡುವುದು ಹೊಡೆಯುವುದು. ವ್ಯೂ ಕ್ಯಾಮೆರಾದಲ್ಲಿ ಸಲ್ಲುವುದು ‘ತೆಗಿ’. ಅಲ್ಲಿ ಚಿತ್ರ ಮೊದಲೇ ಗಾಜಿನ ಮೇಲೆ ಬಂದು ಕೂತಿರುತ್ತದೆ. ಅದನ್ನು ಹದ ಮಾಡಿ, ಓರೆ ತಿದ್ದಿ, ಬೆಳಕಿನ ಲೆಕ್ಕ ಹಾಕಿ, ಹೊರತೆಗೆಯುವುದಷ್ಟೇ ನಮ್ಮ ಪಾಲು. ಹಾರುವ ಮಂಗಟ್ಟೆ ಹಕ್ಕಿಗೆ ಈ ಉಪಕರಣ ಆಗಿಬರುವುದಿಲ್ಲ. ನಿಂತ ಮರ, ಕೂತ ಮನುಷ್ಯ, ಕಲ್ಲು, ಕಟ್ಟಡಗಳಿಗೆ ಇದು ಹೇಳಿಮಾಡಿಸಿದ್ದು. ಕಲಿಯುವವರು ಒಂದೇ ಲೆನ್ಸು, ಒಂದೇ ಬಗೆಯ ಫಿಲ್ಮು, ಹತ್ತಿರದ ಒಂದೇ ಜಾಗ ಹಿಡಿದು ಒಂದು ವರ್ಷ ಕಳೆದರೆ ಸಾಕು. ನೆಗೆಟಿವ್ ಕೆಟ್ಟಾಗಲೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಬೆಳಕು ಎಲ್ಲಿಂದ ಬಂತು? ಬರಬಾರದ ಕಡೆಯಿಂದ ಬಂತೇ? ಯಾವ ಗೋಡೆ ಓರೆಯಾಗಿತ್ತು? ಕೆಟ್ಟ ನೆಗೆಟಿವ್‌ಗಳಲ್ಲಿ ಹೆಚ್ಚಿನವುಗಳ ಕಾರಣ ಈ ಮೂರರಲ್ಲೊಂದು ಪ್ರಶ್ನೆಗೆ ಸಿಕ್ಕಿಬೀಳುತ್ತದೆ.